ತಂಪು ಗಾಳಿಯ ಲೆಕ್ಕ

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನನ್ನ ಹಳೇ ಟರ್ಬೊ ಡೀಸೆಲ್ ಫೋರ್ ವೀಲ್ ಡ್ರೈವ್ ಗಾಡಿ ಏರು ಕಂಡರೆ ಮುನಿಸಿಕೊಳ್ಳೋಕೆ ಶುರು ಮಾಡಿತು. ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕಪ್ಪು ಹೊಗೆ, ಮುಂದೆ ಮಾತ್ರ ಆಮೆ ವೇಗ. ಬೆಂಗಳೂರಿನ ಒಂದು ವರ್ಕ್‌ಶಾಪ್‌ನಲ್ಲಿ ತೋರಿಸಿದೆ. "ಇಂಟರ್‌ಕೂಲರ್ ಹೋಗಿದೆ ಸಾರ್. ಹೇಗೂ ಬಿಚ್ತೀವಿ, ದೊಡ್ಡದೇ ಹಾಕಿಸ್ಕೊಳ್ಳಿ, ಪವರ್ ಜಾಸ್ತಿ ಆಗುತ್ತೆ" ಅಂದರು. ಹೇಳಿದ ರೇಟು ನನ್ನ ಮನೆ ಸಾಲದ ಕಂತಿಗಿಂತ ಹೆಚ್ಚಿತ್ತು. ಯೋಚಿಸಿ ಹೇಳ್ತೀನಿ ಅಂತ ಗಾಡಿ ತಗೊಂಡು ಊರಿಗೆ ಹೋದೆ.

ನಮ್ಮೂರು ಬಂಗಾರಪೇಟೆ ತಾಲ್ಲೂಕಿನ ಹಳ್ಳಿ. ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಒಂದು ಕವಲು ರೈಲು ದಾರಿ ಇದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಅದು ಮುಗಿಯುತ್ತೆ. ಬೆಳಗಿನ ಜಾವ ಅಲ್ಲಿಂದ ಹೊರಡುವ ರೈಲುಗಳಲ್ಲಿ ಇವತ್ತೂ ಸಾವಿರಾರು ಜನ ಬೆಂಗಳೂರಿನ ಕೆಲಸಕ್ಕೆ ಬರ್ತಾರೆ. ನಿಮ್ಮ ಆಫೀಸಿನ ಸೆಕ್ಯುರಿಟಿ ಗಾರ್ಡ್ ಅಥವಾ ಪಕ್ಕದ ಟೀಮಿನ ಟೆಸ್ಟರ್ ಅವರಲ್ಲೇ ಒಬ್ಬರಿರಬಹುದು.

ಊರಿನವರೊಬ್ಬರು ಮಾರಿಕುಪ್ಪಂ ಕಡೆಯ ಒಂದು ಸಣ್ಣ ಗ್ಯಾರೇಜ್ ಹೇಳಿದರು. ಸೈನೈಡ್ ದಿಬ್ಬಗಳು ಕಾಣುವ ಜಾಗ. ಮೆಕ್ಯಾನಿಕ್ ಇಂಟರ್‌ಕೂಲರ್ ಬಿಚ್ಚಿ, ಎರಡು ಬಾಯಿಗೂ ಮುಚ್ಚಳ ಬಿಗಿದು, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದ್ದಿದ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬ್ ಅದ್ದುತ್ತಾರಲ್ಲ, ಹಾಗೇ. ಒಂದು ಅಂಚಿನಿಂದ ಗುಳ್ಳೆಗಳ ಸಾಲು ಎದ್ದಿತು. ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿ ಇಂಜಿನ್ನಿಗೆ ಹೋಗೋ ಬದಲು ಅಲ್ಲಿಂದ ಸೋರಿ ಹೋಗ್ತಿತ್ತು. ಡೀಸೆಲ್ ಇದೆ, ಉರಿಸೋಕೆ ಗಾಳಿ ಸಾಲದು. ಅದಕ್ಕೇ ಕಪ್ಪು ಹೊಗೆ.

ಮೂಲೆಯಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದ ಅವನ ಅಪ್ಪ ಎದ್ದು ಬಂದು ಆ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. "ಇದು ನಮ್ಮ ಕಂಪ್ರೆಸರ್ ಹೌಸ್‌ದೇ ಮರಿ ತಂಬಿ" ಅಂದರು. ಗಣಿ ಮುಚ್ಚುವವರೆಗೂ ಅವರು ಅಲ್ಲಿ ಫಿಟ್ಟರ್ ಆಗಿದ್ದರಂತೆ. ಬಿಇಯಲ್ಲಿ ನಾನು ಥರ್ಮೋಡೈನಮಿಕ್ಸ್ ಹೇಗೋ ಪಾಸು ಮಾಡಿದವನು. ಇಂಟರ್‌ಕೂಲರ್ ಅನ್ನೋದು ಕಾರಿನ ಜೊತೆ ಹುಟ್ಟಿದ್ದು ಅಂತಲೇ ಅಂದ್ಕೊಂಡಿದ್ದೆ. ಆ ಮಾತು ಕೇಳಿದ ಮೇಲೆ ಕೂತು ಓದಿದೆ, ಲೆಕ್ಕ ಹಾಕಿದೆ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಇದು ಗೊತ್ತು. 30 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ತಂದರೆ ಅದು ಸುಮಾರು 120 ಡಿಗ್ರಿ ಮುಟ್ಟುತ್ತೆ. ಬಿಸಿ ಗಾಳಿ ಹಿಗ್ಗಿರುತ್ತೆ, ಅದೇ ಸಿಲಿಂಡರಿನಲ್ಲಿ ಆಮ್ಲಜನಕ ಕಡಿಮೆ. ನಡುವೆ ಇಂಟರ್‌ಕೂಲರ್ ಇಟ್ಟು 55 ಡಿಗ್ರಿಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ನೂರಕ್ಕೆ 20ರಷ್ಟು ಹೆಚ್ಚು ಗಾಳಿ ಹಿಡಿಸುತ್ತೆ. ಹೊರಹೋಗುವ ಹೊಗೆಯ ಬಲದಿಂದಲೇ ಇಂಜಿನ್ನಿಗೆ ಗಾಳಿ ಒತ್ತುವ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ ಪೇಟೆಂಟ್ ಪಡೆದದ್ದು 1905ರಲ್ಲಿ.

ಕೆಜಿಎಫ್‌ನಲ್ಲಿ ಗಾಳಿ ಒತ್ತುವ ಕೆಲಸ ಅದಕ್ಕಿಂತ ಹಳೆಯದು. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿಗೆ ಬಂತು. ಬಂಡೆ ಕೊರೆಯುವ ಡ್ರಿಲ್ಲುಗಳು ಓಡುವುದು ಒತ್ತಿದ ಗಾಳಿಯಿಂದ. ಮೇಲೆ ಕಂಪ್ರೆಸರ್, ಅಲ್ಲಿಂದ ಶಾಫ್ಟಿನೊಳಗೆ ಕೊಳವೆ, ಕೊನೆಯಲ್ಲಿ ಡ್ರಿಲ್ಲು. ಅದಕ್ಕೆ ವಾತಾವರಣದ ಆರೇಳು ಪಟ್ಟು ಒತ್ತಡ ಬೇಕು. ಒಂದೇ ಏಟಿಗೆ ಏಳು ಪಟ್ಟು ಒತ್ತಿದರೆ ಗಾಳಿ 250 ಡಿಗ್ರಿ ಮುಟ್ಟುತ್ತೆ. ಸಿಲಿಂಡರಿನ ಎಣ್ಣೆಗೇ ಬೆಂಕಿ ಹತ್ತುವ ಭಯ. ಅದಕ್ಕೆ ಎರಡು ಹಂತ ಮಾಡಿದರು. ಮೊದಲು ಸ್ವಲ್ಪ ಒತ್ತು, ನೀರು ಹರಿಯುವ ಕೊಳವೆಗಳ ಮೇಲೆ ಹಾಯಿಸಿ ತಣಿಸು, ಆಮೇಲೆ ಮತ್ತೆ ಒತ್ತು. ಎರಡರ ನಡುವೆ ಕೂತು ತಣಿಸುವುದರಿಂದಲೇ ಅದು ಇಂಟರ್‌ಕೂಲರ್. ಆದರ್ಶ ಲೆಕ್ಕದಲ್ಲಿ ಇದರಿಂದ ಉಳಿಯುವ ಶಕ್ತಿ ನೂರಕ್ಕೆ 14ರ ಹತ್ತಿರ.

ಆ ಉಳಿತಾಯ ಎಷ್ಟು ದೊಡ್ಡದು ಅಂತ ತಿಳಿಯಲು 1902ಕ್ಕೆ ಹೋಗಬೇಕು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಯೋಜನೆಯಿಂದ ಆ ವರ್ಷದ ಜೂನ್ 30ರಂದು ವಿದ್ಯುತ್ತು 92 ಮೈಲಿ ತಂತಿಯಲ್ಲಿ ಹರಿದು ಗಣಿಗಳಿಗೆ ಬಂತು. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಬೆಂಗಳೂರಿನ ಬೀದಿ ದೀಪಕ್ಕಿಂತ ಮೂರು ವರ್ಷ ಮೊದಲು ಕೆಜಿಎಫ್‌ಗೆ ಕರೆಂಟು! ಅದನ್ನು ಮಾರುತ್ತಿದ್ದುದು ಹಾರ್ಸ್‌ಪವರ್‌ಗೆ ವರ್ಷಕ್ಕಿಷ್ಟು ಅಂತ. ನಮ್ಮ ಕ್ಲೌಡ್ ಬಿಲ್ ಇದ್ದ ಹಾಗೆ. ಬಿಲ್ ಬರ್ತಿದೆ ಅಂದ ಮೇಲೆ ನೂರಕ್ಕೆ 14 ಉಳಿಸುವ ಪೆಟ್ಟಿಗೆಗೆ ಯಾವ ಮ್ಯಾನೇಜರ್ ಬೇಡ ಅಂತಾನೆ?

ಈಗ ಅದೇ ಗಾಳಿಯ ಇನ್ನೊಂದು ಕಥೆ. ಚಾಂಪಿಯನ್ ರೀಫ್ ಗಣಿ ಇಳಿಯುತ್ತಾ ಇಳಿಯುತ್ತಾ 3 ಕಿಲೋಮೀಟರ್ ದಾಟಿತು. ಉಸಿರಾಡಲು ಮೇಲಿನಿಂದ ಗಾಳಿ ಕಳಿಸಬೇಕು. ಆದರೆ ಆಳಕ್ಕೆ ಇಳಿಯುವ ಗಾಳಿ ತನ್ನ ಮೇಲಿನ ಗಾಳಿಯ ಭಾರಕ್ಕೆ ತಾನೇ ಒತ್ತಿಕೊಳ್ಳುತ್ತೆ. ಒಣ ಗಾಳಿ ಕಿಲೋಮೀಟರಿಗೆ ಹತ್ತಿರ ಹತ್ತಿರ 10 ಡಿಗ್ರಿ ಬಿಸಿಯಾಗುತ್ತೆ. ಅಂದರೆ ಶಾಫ್ಟೇ ಒಂದು ಕಂಪ್ರೆಸರ್! ಅದರ ಜೊತೆಗೆ ತಳದ ಬಂಡೆಯ ಶಾಖ 60 ಡಿಗ್ರಿಗೂ ಮೇಲೆ. ಅಲ್ಲಿ ಮನುಷ್ಯ ನಿಂತು ಡ್ರಿಲ್ ಹಿಡಿಯಬೇಕು. ಡ್ರಿಲ್ಲಿನಿಂದ ಹೊರಬಿದ್ದು ಹಿಗ್ಗುವ ಗಾಳಿ ತಣ್ಣಗಿರುತ್ತೆ. ಅದೇ ಅಲ್ಲಿನ ಫ್ಯಾನು. ಆಮೇಲೆ ಚಾಂಪಿಯನ್ ರೀಫ್‌ನಲ್ಲಿ ಗಾಳಿ ತಂಪು ಮಾಡುವ ದೊಡ್ಡ ಘಟಕ ಬಂತು. ಒಂದು ರೀತಿಯಲ್ಲಿ ಇಡೀ ಗಣಿಗೇ ಇಂಟರ್‌ಕೂಲರ್.

ಈ ಎರಡು ಕಥೆಗಳ ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಸಿವಿಸಿಯಾಯಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಜಗತ್ತಿನಲ್ಲಿ ಯಂತ್ರದ ಗಾಳಿ ತಣಿಸುವ ಇಂಟರ್‌ಕೂಲರ್ ಬಳಕೆಗೆ ಬಂದಾಗಿತ್ತು. ಗಣಿಯಲ್ಲಿ ಮನುಷ್ಯ ಉಸಿರಾಡುವ ಗಾಳಿಯನ್ನು ತಣಿಸುವ ಘಟಕ ಮೊದಲು ಬಂದದ್ದು 1920ರಲ್ಲಿ, ಬ್ರೆಜಿಲ್ಲಿನ ಮೊರೊ ವೆಲ್ಯೊ ಚಿನ್ನದ ಗಣಿಯಲ್ಲಿ. ಭೌತಶಾಸ್ತ್ರ ಎರಡಕ್ಕೂ ಒಂದೇ. ಯಂತ್ರದ ಉಳಿತಾಯ ಬಿಲ್ಲಿನಲ್ಲಿ ಕಾಣುತ್ತೆ. ಮನುಷ್ಯನ ಬವಣೆ ಕೆಲಸವೇ ನಿಂತುಹೋಗುವ ಆಳ ಬಂದಾಗ ಮಾತ್ರ ಲೆಕ್ಕಕ್ಕೆ ಬಂತು.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಸುಮಾರು 120 ವರ್ಷಗಳಲ್ಲಿ ತೆಗೆದ ಚಿನ್ನ 800 ಟನ್ ಅಂತಾರೆ. ಇವತ್ತು ಊರಿನ ದೊಡ್ಡ ಕಾರ್ಖಾನೆ ಅಂದರೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್‌ನದು. ಅಲ್ಲಿ ಬುಲ್ಡೋಜರ್ ಮಾಡ್ತಾರೆ. ಗಾಳಿ ಒತ್ತುವ, ತಣಿಸುವ ಕೆಲಸ ಬಲ್ಲ ಕೈಗಳಿಗೆ ಡೀಸೆಲ್ ಇಂಜಿನ್ ಹೊಸದೇನಲ್ಲ.

ಗ್ಯಾರೇಜಿಗೆ ಮರಳೋಣ. "ತಾತ, ದೊಡ್ಡದು ಹಾಕಿಸ್ಲಾ?" ಅಂತ ಕೇಳಿದೆ.

"ಯಾಕೆ?" ಅಂದರು. "ದೊಡ್ಡ ಪೆಟ್ಟಿಗೆ ತುಂಬೋಕೆ ಹೊತ್ತು ಹಿಡಿಯುತ್ತೆ. ನೀನು ಒತ್ತಿದ ಮೇಲೆ ಗಾಡಿ ಯೋಚನೆ ಮಾಡ್ಕೊಂಡು ಓಡುತ್ತೆ. ರೇಡಿಯೇಟರ್ ಮುಂದೆ ಅಡ್ಡ ನಿಂತು ಅದರ ಗಾಳೀನೂ ಕಿತ್ಕೊಳ್ಳುತ್ತೆ. ಡೀಸೆಲ್ ಅಷ್ಟೇ ಕೊಡ್ತಾ ಇದ್ರೆ ಪವರ್ ಎಲ್ಲಿಂದ ಬರಬೇಕು? ಮೊದಲು ಸೋರಿಕೆ ನಿಲ್ಸು."

ಅದೇ ಅಳತೆಯ ಹೊಸದು ತರಿಸಿದೆವು. ಬಿರುಕು ಬಿಟ್ಟ ಎರಡು ರಬ್ಬರ್ ಹೋಸು, ಕ್ಲಾಂಪು ಬದಲಾಯಿಸಿದರು. ಕೊಳವೆಗಳೊಳಗೆ ಕೂತಿದ್ದ ಎಣ್ಣೆ ಜಿಡ್ಡು ತೊಳೆದರು. ಬೆಂಗಳೂರಿನಲ್ಲಿ ಹೇಳಿದ್ದರ ಕಾಲು ಭಾಗ ಖರ್ಚಾಯಿತು.

ಟೀ ಕುಡಿಯುವಾಗ ನನ್ನ ಸೋದರಮಾವ ಗಣಿಯಲ್ಲಿ ಡ್ರಿಲ್ ಕೆಲಸ ಮಾಡ್ತಿದ್ದರು ಅಂತ ಹೇಳಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಕೆಮ್ಮಿ ಕೆಮ್ಮಿಯೇ ಹೋದರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಯಾಗುವ ಆ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರಿದೆ ಅನ್ನೋದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಮಾವನ ಕಾಗದಗಳಲ್ಲಿ ಆ ಹೆಸರು ಎಲ್ಲೂ ಇರಲಿಲ್ಲ.

"ಯಾವ ಶಾಫ್ಟು?" ಅಂತ ತಾತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಟರ್ಬೊ ಎಷ್ಟು ಬಾರ್ ಒತ್ತುತ್ತೆ ಅಂತ ಬಾಯಿಪಾಠ ಇತ್ತು, ಎತ್ತಿ ಆಡಿಸಿದ ಮಾವ ಯಾವ ಬಾವಿಗೆ ಇಳೀತಿದ್ದ ಅಂತ ಗೊತ್ತಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. "ಗಿಫರ್ಡ್ಸ್ ಕಣೋ, ಯಾಕೆ ಈಗ?" ಅಂದಳು.

ತಾತ ಗ್ಲಾಸ್ ಕೆಳಗಿಟ್ಟರು. "ಹಂಗಾದ್ರೆ ಅವರ ಡ್ರಿಲ್ಲಿಗೆ ಹೋಗ್ತಿದ್ದುದು ನಾವು ಕಳಿಸಿದ ಗಾಳೀನೇ" ಅಂದರು. ಮತ್ತೇನೂ ಹೇಳಲಿಲ್ಲ.

ಮುಂದಿನ ವಾರ ನಂದಿ ಬೆಟ್ಟ ಹತ್ತಿಸಿದೆ, ಗಾಡಿ ಹೊಗೆ ಬಿಡದೆ ಏರಿತು. ನಿಮ್ಮ ಗಾಡಿಯೂ ಏರಿನಲ್ಲಿ ಸುಸ್ತಾದರೆ ದೊಡ್ಡ ಇಂಟರ್‌ಕೂಲರಿಗೆ ದುಡ್ಡು ಸುರಿಯುವ ಮುಂಚೆ ಹಳೆಯದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ನೋಡಿಸಿ. ನಿಮ್ಮ ಮನೆಯಲ್ಲೂ ಇಂಥ ಬಾವಿಗೆ ಇಳಿದವರಿದ್ದರೆ, ಯಾವ ಶಾಫ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ.