ಮಗುವಿಗೆ ಕಾನೂನು ಇಟ್ಟ ಹೆಸರುಗಳು

'ಬಾಲಾಪರಾಧಿ' ಎಂಬ ಪದ ನಮ್ಮ ಮಾತಿನಲ್ಲಿ, ಪತ್ರಿಕೆಗಳ ತಲೆಬರಹಗಳಲ್ಲಿ ಇನ್ನೂ ಓಡಾಡಿಕೊಂಡಿದೆ. ಕಾನೂನು ಮಾತ್ರ ಮಗುವನ್ನು ಹಾಗೆ ಕರೆಯುವುದನ್ನು 2001ರಲ್ಲೇ ಬಿಟ್ಟಿತು. ಇಂದು ಅದು ಬಳಸುವ ಹೆಸರು 'ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು'. ಬಾಯಿ ತುಂಬುವಷ್ಟು ಉದ್ದದ ಹೆಸರು, ನಿಜ. ಆದರೆ ಅದರ ಕೊನೆಯ ಪದ 'ಮಗು'. ಅಲ್ಲಿಗೆ ತಲುಪಲು ನಮಗೆ ನೂರೈವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ನಾನು ಓದಿದ್ದು ಎಂಜಿನಿಯರಿಂಗ್, ಕಾನೂನಲ್ಲ. ಆದರೆ ಮಾಹಿತಿಯನ್ನು ವಿಂಗಡಿಸುವುದೇ ನನ್ನ ದಿನನಿತ್ಯದ ಕೆಲಸ. ಒಂದು ದಾಖಲೆಯನ್ನು ಯಾವ ಹೆಸರಿನ ಕಾಲಂಗೆ ಹಾಕಿದೆವು ಎಂಬುದರ ಮೇಲೆ ಅದು ಮುಂದೆ ಯಾರ ಮೇಜಿಗೆ ಹೋಗುತ್ತದೆ ಎಂಬುದು ನಿಂತಿರುತ್ತದೆ. ಮಕ್ಕಳ ವಿಷಯದಲ್ಲೂ ಹಾಗೆಯೇ. ಒಂದು ಹೆಸರು ಮಗುವನ್ನು ಜೈಲಿಗೆ ಕಳಿಸಿದರೆ, ಇನ್ನೊಂದು ಹೆಸರು ಅದನ್ನು ಮನೆಗೆ ಕಳಿಸುತ್ತದೆ. ಈ ಹೆಸರುಗಳ ಚರಿತ್ರೆಯನ್ನು ಹುಡುಕುತ್ತಾ ಹೋಗಲು ನನಗಿದ್ದ ಕಾರಣ ಇದೇ.

ಬ್ರಿಟಿಷರ ಕಾಲದಲ್ಲಿ ಮಕ್ಕಳಿಗಾಗಿ ಬಂದ ಮೊದಲ ಕಾನೂನುಗಳಲ್ಲಿ 1850ರ ಅಪ್ರೆಂಟಿಸ್ ಕಾಯ್ದೆಯೂ ಒಂದು. ಹತ್ತರಿಂದ ಹದಿನೆಂಟು ವರ್ಷದ ಅನಾಥ, ಬಡ ಮಕ್ಕಳನ್ನು ಕಸಬು ಕಲಿಯಲು ಒಬ್ಬ ಯಜಮಾನನಿಗೆ ಒಪ್ಪಂದದ ಮೇಲೆ ಒಪ್ಪಿಸಲು ಅದು ಅವಕಾಶ ಕೊಟ್ಟಿತು. ಚಿಕ್ಕಪುಟ್ಟ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನೂ ಮ್ಯಾಜಿಸ್ಟ್ರೇಟರು ಅದೇ ದಾರಿಯಲ್ಲಿ ಕಳಿಸಬಹುದಿತ್ತು. ಬಡತನ ಮತ್ತು ಅಪರಾಧ ಎರಡಕ್ಕೂ ಆಗ ಒಂದೇ ಔಷಧಿ. ಇಲ್ಲಿ ಮುಂಬಯಿಯಲ್ಲಿ 1857ರಲ್ಲಿ ಶುರುವಾದ ಡೇವಿಡ್ ಸಸೂನ್ ಸಂಸ್ಥೆ ಕೈಗಾರಿಕಾ ಶಾಲೆಯೂ ಹೌದು, ಸುಧಾರಣಾ ಶಾಲೆಯೂ ಹೌದು.

1860ರ ದಂಡಸಂಹಿತೆ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ ಎಂದಿತು. ಏಳರಿಂದ ಹನ್ನೆರಡರವರೆಗಿನ ಮಗುವಿಗೆ ತಾನು ಮಾಡುತ್ತಿರುವುದೇನು ಎಂದು ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕೆಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ.

1876ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂತು. 1897ರಲ್ಲಿ ಅದರ ಹೊಸ ರೂಪ. ಆಗಿನ ಹೆಸರು 'ಎಳೆಯ ಅಪರಾಧಿ'. ಅದರ ಅರ್ಥ, ಶಿಕ್ಷೆಗೆ ಗುರಿಯಾದ ಹದಿನೈದರೊಳಗಿನ ಹುಡುಗ. ಹುಡುಗ ಮಾತ್ರ. ಹುಡುಗಿ ಆ ವ್ಯಾಖ್ಯೆಯೊಳಗೇ ಇರಲಿಲ್ಲ. ಶಾಲೆಗೆ ಹೋಗಲು ಬೇಕಾದ ಹೆಸರೇ ಇಲ್ಲದಿದ್ದರೆ ಆ ಬಾಗಿಲು ಅವಳಿಗೆ ತೆರೆಯುವುದು ಹೇಗೆ?

1919-20ರ ಜೈಲು ಸಮಿತಿ, ಮಕ್ಕಳಿಗೆ ಬೇರೆಯೇ ನ್ಯಾಯಾಲಯ ಬೇಕೆಂದು ಶಿಫಾರಸು ಮಾಡಿತು. ಮದ್ರಾಸ್ 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ತಮ್ಮ ತಮ್ಮ ಮಕ್ಕಳ ಕಾಯ್ದೆ ಮಾಡಿಕೊಂಡವು. ಸ್ವಾತಂತ್ರ್ಯ ಬಂದ ಮೇಲೆ 1960ರಲ್ಲಿ ಕೇಂದ್ರಾಡಳಿತ ಪ್ರದೇಶಗಳಿಗೆ, 1964ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೆ ಇಂಥ ಕಾಯ್ದೆಗಳು ಬಂದವು. ಆದರೆ ರಾಜ್ಯಕ್ಕೊಂದು ನಿಯಮ. ಕಾಗದದ ಮೇಲೆ ಏನೇ ಇದ್ದರೂ ಎಷ್ಟೋ ಮಕ್ಕಳು ದೊಡ್ಡವರ ಜೈಲುಗಳಲ್ಲೇ ಇದ್ದರು.

ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಪತ್ರಕರ್ತೆ ಶೀಲಾ ಬರ್ಸೆ. ಮುಂಬಯಿಯ ಪೊಲೀಸ್ ಲಾಕಪ್‌ಗಳಲ್ಲಿದ್ದ ಮಹಿಳೆಯರ ಸ್ಥಿತಿಯನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟು 1983ರಲ್ಲಿ ಮಹತ್ವದ ತೀರ್ಪೊಂದಕ್ಕೆ ಕಾರಣರಾದವರು ಅವರು. ಆಮೇಲೆ ದೇಶದ ಜೈಲುಗಳಲ್ಲಿದ್ದ ಮಕ್ಕಳ ಪರವಾಗಿಯೂ ಅವರು ಅದೇ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮಕ್ಕಳನ್ನು ಜೈಲಿನಲ್ಲಿಡಬಾರದು, ಇಡೀ ದೇಶಕ್ಕೆ ಒಂದೇ ಕಾನೂನು ಬೇಕು ಎಂದು 1986ರಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷ ಬಾಲ ನ್ಯಾಯ ಕಾಯ್ದೆ ಬಂತು.

1986ರ ಕಾಯ್ದೆಯಲ್ಲಿ ಮಕ್ಕಳಿಗೆ ಎರಡು ಹೆಸರು: ಅಲಕ್ಷಿತ ಬಾಲರು, ಅಪರಾಧಿ ಬಾಲರು. ಭಿಕ್ಷೆ ಬೇಡುವ ಮಗು, ಮನೆಮಠ ಇಲ್ಲದ ಮಗು, ವೇಶ್ಯಾಗೃಹದಲ್ಲಿ ಬೆಳೆಯುವ ಮಗು ಮೊದಲ ಗುಂಪಿಗೆ. ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವಯಸ್ಸಿನ ಮಿತಿ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅದರ ಫಲವಾಗಿ ಬಂದ 2000ದ ಕಾಯ್ದೆ ಇಬ್ಬರಿಗೂ ಹದಿನೆಂಟೇ ಮಿತಿ ಎಂದಿತು. 'ಅಪರಾಧಿ' ಎಂಬ ಪಟ್ಟಿ ಕಳಚಿತು. 'ಅಲಕ್ಷಿತ' ಹೋಗಿ 'ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು' ಬಂತು. ಅಲಕ್ಷಿತ ಎಂದರೆ ಮಗುವಿಗೆ ಏನಾಗಿದೆ ಎಂದು ಹೇಳಿ ಸುಮ್ಮನಾದಂತೆ. ಅಗತ್ಯವುಳ್ಳ ಎಂದಾಗ, ಕೊಡಬೇಕಾದವರು ಯಾರು ಎಂಬ ಪ್ರಶ್ನೆ ನಮ್ಮ ಕಡೆಗೇ ತಿರುಗುತ್ತದೆ.

ಚರಿತ್ರೆ ಯಾವಾಗಲೂ ಮುಂದಕ್ಕೇ ನಡೆಯುವುದಿಲ್ಲ. 2012ರ ದೆಹಲಿಯ ಘೋರ ಪ್ರಕರಣದಲ್ಲಿ ಆರೋಪಿಗಳಲ್ಲೊಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ಅವನಿಗೆ ಮೂರು ವರ್ಷಗಳ ಸುಧಾರಣಾ ವಾಸ ಮಾತ್ರ ಎಂದಾಗ ದೇಶವೇ ಕುದಿಯಿತು. ಆ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎಂದು ನಾನು ಹೇಳಲಾರೆ. 2016ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ, ಹದಿನಾರರಿಂದ ಹದಿನೆಂಟರೊಳಗಿನವರು ಹೇಯ ಅಪರಾಧ ಎಸಗಿದ ಆರೋಪವಿದ್ದರೆ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ದಾರಿ ಮಾಡಿತು. ಅದಕ್ಕೂ ಮೊದಲು ಬಾಲ ನ್ಯಾಯ ಮಂಡಳಿ ಆ ಮಗುವಿನ ಮಾನಸಿಕ, ದೈಹಿಕ ಸಾಮರ್ಥ್ಯವನ್ನು ಅಳೆಯಬೇಕು. ಅದೇ ಕಾಯ್ದೆ ಇನ್ನೊಂದು ಕಡೆ, ಮಗುವಿಗೆ ಸಂಬಂಧಿಸಿದ ಕಲಾಪಗಳಲ್ಲಿ ದೂಷಿಸುವ ಪದಗಳನ್ನೇ ಬಳಸಬಾರದು ಎನ್ನುತ್ತದೆ. ಹೆಸರಿನಲ್ಲಿ ಮೃದುತ್ವ, ಶಿಕ್ಷೆಯಲ್ಲಿ ಬಿಗಿ. ಈ ಎಳೆದಾಟ ಇನ್ನೂ ಮುಗಿದಿಲ್ಲ.

ಮನಸ್ಸಿನ ಕಾಯಿಲೆಯ ಮಕ್ಕಳ ಕಥೆಯೂ ಇದೇ ದಾರಿಯದು. 1912ರ ಕಾಯ್ದೆಗೆ ಮನೋರೋಗಿ ಎಂದರೆ 'ಹುಚ್ಚ'. 1987ರದು 'ಮಾನಸಿಕ ಅಸ್ವಸ್ಥ' ಎಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಗಿಂತ ಆರೈಕೆಯ ಹಕ್ಕನ್ನು ಮುಂದಿಟ್ಟಿತು. ಅದರ ಪ್ರಕಾರ ಆಸ್ಪತ್ರೆಗೆ ಸೇರಿಸಿದ ಮಗುವನ್ನು ದೊಡ್ಡವರಿಂದ ಪ್ರತ್ಯೇಕವಾಗಿ ಇಡಬೇಕು, ಮನೆಯವರೊಬ್ಬರು ಜೊತೆಗಿರಬೇಕು. ಮಗು ಹುಡುಗಿಯಾಗಿದ್ದು ಜೊತೆಯವರು ಗಂಡಸಾಗಿದ್ದರೆ ಹೆಣ್ಣು ಸಹಾಯಕಿಯೊಬ್ಬರು ಇರಲೇಬೇಕು.

ತಾಯಂದಿರು ತಿಳಿದಿರಬೇಕಾದ ಇನ್ನೊಂದು ಜೋಡಿ ಪದವಿದೆ: 'ತ್ಯಜಿಸಿದ ಮಗು', 'ಒಪ್ಪಿಸಿದ ಮಗು'. ಸಾಕಲಾರದ ತಾಯಿ ಕತ್ತಲಲ್ಲಿ ಮಗುವನ್ನು ಎಲ್ಲೋ ಬಿಟ್ಟು ಹೋಗಬೇಕಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕಾನೂನುಬದ್ಧವಾಗಿ ಒಪ್ಪಿಸಬಹುದು. ಮನಸ್ಸು ಬದಲಾದರೆ ಮರುಚಿಂತನೆಗೆ ಎರಡು ತಿಂಗಳ ಕಾಲಾವಕಾಶವೂ ಇದೆ. ಈ ಒಂದು ಪದ ಗೊತ್ತಿದ್ದರೆ ಎಷ್ಟೋ ಕೂಸುಗಳ ಜೀವ ಉಳಿದೀತು.

ಆ ಸಮಿತಿಯಲ್ಲಿ ಅಧ್ಯಕ್ಷರ ಜೊತೆ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಕೂರುವ ಇಬ್ಬರು ಸಮಾಜ ಕಾರ್ಯಕರ್ತರಲ್ಲೂ ಒಬ್ಬರು ಮಹಿಳೆಯೇ ಆಗಬೇಕು. ಮಕ್ಕಳೊಂದಿಗೆ ಕೆಲಸ ಮಾಡಿದ ಅನುಭವವುಳ್ಳ ಸೋದರಿಯರು ನಮ್ಮ ಸಂಘದಲ್ಲೇ ಇದ್ದಾರೆ. ಈ ಕುರ್ಚಿಗಳು ಅವರಂಥವರಿಗೂ ಸೇರಿದವು.

ಉಳಿದ ನಾವು ಮಾಡಬಹುದಾದದ್ದು ಸಣ್ಣದು. ಕಷ್ಟದಲ್ಲಿರುವ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡೋಣ. ಹಟ ಹಿಡಿದ ಮಕ್ಕಳಿಗೆ "ರಿಮಾಂಡ್ ಹೋಮಿಗೆ ಹಾಕಿಸ್ತೀನಿ ನೋಡು" ಎಂದು ಹೆದರಿಸುವುದನ್ನು ನಿಲ್ಲಿಸೋಣ, ಏಕೆಂದರೆ ಅಲ್ಲಿರುವುದೂ ಯಾರದೋ ಮನೆಯ ಮಗುವೇ. ಕಾನೂನಿನ ಪುಸ್ತಕದಿಂದ ಹೋದ ಹೆಸರು ನಮ್ಮ ಬಾಯಿಂದಲೂ ಹೋಗಲಿ.