ಉರಿ ಜಠರದಲ್ಲಿ, ಕಾರಣ ಪಿತ್ತಜನಕಾಂಗದಲ್ಲಿ

ಕಡೂರಿನ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, 'ಗ್ಯಾಸ್ಟ್ರಿಕ್' ಎಂಬ ಮಾತು ಕಿವಿಗೆ ಬೀಳದೆ ಇರದು. ತರೀಕೆರೆ, ಅಜ್ಜಂಪುರದಲ್ಲೂ ಅಷ್ಟೆ. ಹೊಟ್ಟೆ ಉಬ್ಬರಿಸಿದರೂ ಗ್ಯಾಸ್ಟ್ರಿಕ್, ಎದೆ ಉರಿದರೂ ಗ್ಯಾಸ್ಟ್ರಿಕ್, ಊಟ ಸೇರದಿದ್ದರೂ ಗ್ಯಾಸ್ಟ್ರಿಕ್. ಒಂದು ಮಾತ್ರೆ ನುಂಗಿದರೆ ಮುಗಿಯಿತು. ಬಹಳಷ್ಟು ಸಲ ಅದರಿಂದ ಗುಣವೂ ಆಗುತ್ತದೆನ್ನಿ. ಆದರೆ ಜಠರದ ಒಳಪೊರೆ ಕೆಂಪೇರಿದ್ದಕ್ಕೆ ಜಠರವೇ ಕಾರಣವಾಗಿರಬೇಕೆಂದಿಲ್ಲ. ಪಕ್ಕದಲ್ಲಿರುವ ಪಿತ್ತಜನಕಾಂಗ, ಅಂದರೆ ಲಿವರ್, ಸದ್ದಿಲ್ಲದೆ ವರ್ಷಗಳಿಂದ ಕೆಡುತ್ತಾ ಬಂದಿರಬಹುದು. ಈ ನಂಟು ಸ್ಪಷ್ಟವಾಗಲು ವೈದ್ಯಲೋಕಕ್ಕೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಇಬ್ಬರು ವೈದ್ಯರಿದ್ದರು. ಬ್ರೂಸೆ ಎಂಬಾತನಿಗೆ ಹೆಚ್ಚುಕಡಿಮೆ ಎಲ್ಲ ಕಾಯಿಲೆಯ ಮೂಲವೂ ಜಠರ ಮತ್ತು ಕರುಳಿನ ಉರಿಯೂತವೇ. ಆತನ ಮದ್ದು ಉಪವಾಸ ಮತ್ತು ಜಿಗಣೆ. ಈ ಚಿಕಿತ್ಸೆಯ ಹುಚ್ಚು ಎಷ್ಟಿತ್ತೆಂದರೆ 1833ರ ಒಂದೇ ವರ್ಷದಲ್ಲಿ ಫ್ರಾನ್ಸ್ 4 ಕೋಟಿಗೂ ಹೆಚ್ಚು ಜಿಗಣೆಗಳನ್ನು ಆಮದು ಮಾಡಿಕೊಂಡಿತ್ತು. ಆತನ ಕಟ್ಟಾ ಎದುರಾಳಿ ಲೆನೆಕ್, ಸ್ಟೆತಸ್ಕೋಪ್ ಕಂಡುಹಿಡಿದವನು. ಗಂಟು ಗಂಟಾಗಿ ಹಳದಿ ತಿರುಗಿದ ಪಿತ್ತಜನಕಾಂಗಕ್ಕೆ 1819ರಲ್ಲಿ 'ಸಿರೋಸಿಸ್' ಎಂದು ಹೆಸರಿಟ್ಟವನೂ ಇವನೇ. ಗ್ರೀಕ್ ಭಾಷೆಯಲ್ಲಿ ಕಂದುಹಳದಿ ಬಣ್ಣಕ್ಕಿರುವ ಪದದಿಂದ ಬಂದ ಹೆಸರದು. ಒಬ್ಬನ ಕಣ್ಣು ಜಠರದ ಮೇಲೆ, ಇನ್ನೊಬ್ಬನ ಹೆಸರು ಪಿತ್ತಜನಕಾಂಗದ ಮೇಲೆ. ಎರಡನ್ನೂ ಜೋಡಿಸುವ ಕೆಲಸ ಮಾತ್ರ ಉಳಿದೇ ಹೋಯಿತು.

ನಮ್ಮ ಸೀಮೆಯಲ್ಲಿ ಆಗ ವೈದ್ಯರ ಕೈ ಮೊದಲು ಹೋಗುತ್ತಿದ್ದುದು ಇನ್ನೊಂದು ಅಂಗದ ಮೇಲೆ. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಅದರ ಮಲೆನಾಡು ಭಾಗ ಮಲೇರಿಯಾಕ್ಕೆ ಕುಖ್ಯಾತ. ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಊದಿ ಕೈಗೆ ಸಿಕ್ಕರೆ ಜನ 'ಜ್ವರಗಡ್ಡೆ' ಎನ್ನುತ್ತಿದ್ದರು. ಸರ್ಕಾರಿ ಲೆಕ್ಕವೂ ಅದೇ: ಊರಿನ ಮಕ್ಕಳಲ್ಲಿ ಎಷ್ಟು ಜನರಿಗೆ ಗುಲ್ಮ ಊದಿದೆ ಎಂದು ಎಣಿಸಿ ಮಲೇರಿಯಾ ಅಳೆಯುವ ಕ್ರಮವನ್ನು ಡೆಂಪ್‌ಸ್ಟರ್ ಎಂಬ ವೈದ್ಯ 1840ರ ದಶಕದಲ್ಲಿ ಉತ್ತರ ಭಾರತದ ಕಾಲುವೆ ಪ್ರದೇಶದಲ್ಲಿ ಶುರುಮಾಡಿದ್ದ. ಮಲೇರಿಯಾ ಸೀಮೆಯಲ್ಲಿ ಈ ಲೆಕ್ಕ ಬಹುತೇಕ ಸರಿ. ಆದರೆ ಪಿತ್ತಜನಕಾಂಗ ಗಟ್ಟಿಯಾದಾಗಲೂ ಗುಲ್ಮ ಊದುತ್ತದೆ. ಬರಿಗೈಯಿಂದ ಮುಟ್ಟಿ ನೋಡಿ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

ಗುಲ್ಮ ಊದುವುದೇಕೆ? ಜಠರ, ಕರುಳು, ಗುಲ್ಮ ಇವುಗಳ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. 'ಪೋರ್ಟಲ್' ಎಂಬ ದೊಡ್ಡ ರಕ್ತನಾಳದ ಮೂಲಕ ಮೊದಲು ಪಿತ್ತಜನಕಾಂಗವನ್ನು ಹಾದುಹೋಗಬೇಕು. ಭದ್ರಾ ಕಾಲುವೆ ಕಂಡ ತರೀಕೆರೆಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂದೆ ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತುತ್ತದೆ, ಬದು ಬಳಸಿ ಎಲ್ಲೆಂದರಲ್ಲಿ ಹರಿಯುತ್ತದೆ. ಪಿತ್ತಜನಕಾಂಗದಲ್ಲಿ ಕಲೆಗಟ್ಟಿದಾಗಲೂ ಹೀಗೆಯೇ. ಹಿಂದೊತ್ತಿದ ರಕ್ತದಿಂದ ಗುಲ್ಮ ಊದುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬುತ್ತವೆ, ಜಠರದ ಒಳಪೊರೆಯ ಸಣ್ಣ ನಾಳಗಳೂ ಹಿಗ್ಗುತ್ತವೆ.

ಎಂಡೋಸ್ಕೋಪಿಯಲ್ಲಿ ನೋಡಿದರೆ ಒಳಪೊರೆ ಹಾವಿನ ಚರ್ಮದಂತೆ ಚೌಕಚೌಕವಾಗಿ, ಕೆಂಪಾಗಿ ಕಾಣುತ್ತದೆ. ವೈದ್ಯರು ಇದನ್ನು ಬಹುಕಾಲ 'ಗ್ಯಾಸ್ಟ್ರೈಟಿಸ್', ಅಂದರೆ ಜಠರದ ಉರಿಯೂತ, ಎಂದೇ ಕರೆದರು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ವೈದ್ಯರ ತಂಡವೊಂದು ಆ ಪೊರೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಇಲ್ಲಿ ಉರಿಯೂತ ಹೇಳಿಕೊಳ್ಳುವಷ್ಟಿಲ್ಲ, ಇರುವುದು ರಕ್ತ ಕಟ್ಟಿಕೊಂಡ ನಾಳಗಳು ಎಂದಿತು. ಕಾಯಿಲೆಯ ಹೆಸರು 'ಗ್ಯಾಸ್ಟ್ರೋಪತಿ' ಎಂದು ಬದಲಾಯಿತು.

ಕಾಕತಾಳೀಯವೆಂದರೆ, ಅದೇ ವರ್ಷಗಳಲ್ಲಿ ನಿಜವಾದ ಉರಿಯೂತದ ಗುಟ್ಟೂ ಬಯಲಾಯಿತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರಲ್ಲಿ ಆತನಿಗೂ ರಾಬಿನ್ ವಾರೆನ್‌ಗೂ ನೊಬೆಲ್ ಬಂತು. ಸಿರೋಸಿಸ್ ರೋಗಿಗೆ ಈ ಬ್ಯಾಕ್ಟೀರಿಯಾವೂ ಇರಬಹುದು, ಮದ್ಯ ಮತ್ತು ನೋವಿನ ಮಾತ್ರೆಗಳಿಂದ ಆದ ಉರಿಯೂತವೂ ಇರಬಹುದು. ಆದರೆ ಹಿಂದೊತ್ತಿದ ರಕ್ತದ ತೊಂದರೆ ಬೇರೆಯೇ.

ಹೆಸರು ಬದಲಾದರೆ ರೋಗಿಗೇನು ಲಾಭ ಎನ್ನಬೇಡಿ. ಮದ್ದೇ ಬದಲಾಗುತ್ತದೆ. ಆಮ್ಲ ತಗ್ಗಿಸುವ ಮಾತ್ರೆ ರಕ್ತದ ಒತ್ತಡವನ್ನು ಇಳಿಸದು. ಸಿರೋಸಿಸ್ ಇದ್ದವರು ಅಗತ್ಯವಿಲ್ಲದೆ ಅದನ್ನು ನುಂಗುತ್ತಿದ್ದರೆ ಸೋಂಕಿನ ಅಪಾಯ ಹೆಚ್ಚಬಹುದೆಂಬ ಎಚ್ಚರಿಕೆಯೂ ಇದೆ. ಬೇಕಾದದ್ದು ಪೋರ್ಟಲ್ ನಾಳದ ಒತ್ತಡ ಇಳಿಸುವ ಪ್ರೊಪ್ರನೊಲೋಲ್‌ನಂಥ ಔಷಧಿ. 1980ರ ಸುಮಾರಿಗೆ ಫ್ರಾನ್ಸ್‌ನ ಲೆಬ್ರೆಕ್ ಇದರ ದಾರಿ ತೋರಿಸಿದ್ದ. ಇದನ್ನು ಕೊಡುವುದೂ ಬಿಡುವುದೂ ವೈದ್ಯರ ನಿರ್ಧಾರ, ಅಂಗಡಿಯವರದಲ್ಲ.

ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ರಿಂದ ನಿಂತಿತು. ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ಆದರೆ ಪಿತ್ತಜನಕಾಂಗ ಕೆಟ್ಟಿತೆಂದರೆ ಕುಡುಕನೇ ಎಂದು ತೀರ್ಮಾನಿಸುವ ನಮ್ಮ ಊರುಗಳ ಅಭ್ಯಾಸ ತಪ್ಪು. ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಹಾಗೂ ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್, ಇವೂ ಸಿರೋಸಿಸ್‌ಗೆ ದಾರಿ. ಈ ಅಪವಾದಕ್ಕೆ ಹೆದರಿ ಮನೆಯ ಹೆಂಗಸರು ಕಾಯಿಲೆಯನ್ನೇ ಮುಚ್ಚಿಡುವುದುಂಟು.

ಕಾಲು ಊದುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕಣ್ಣು ಹಳದಿಯಾಗುವುದು ಇವಿದ್ದರೆ ಅದು ಬರಿಯ ಗ್ಯಾಸ್ಟ್ರಿಕ್ ಅಲ್ಲ. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.