ಘಾತಸಂಖ್ಯೆಗಳ ನಡುವಣ ಅಂತರ: ಒಂದು ಗಣಿತಪ್ರಶ್ನೆಯ ಚರಿತ್ರೆ

ಚರಿತ್ರೆಯೆಂದೊಡನೆ ರಾಜರ ವಂಶಾವಳಿ, ಯುದ್ಧ, ಶಾಸನಗಳು ನೆನಪಿಗೆ ಬರುವುದು ಸಹಜ. ಆದರೆ ಪ್ರಶ್ನೆಗಳಿಗೂ ಚರಿತ್ರೆಯುಂಟು. ಒಂದು ದೇಶದಲ್ಲಿ ಹುಟ್ಟಿದ ಪ್ರಶ್ನೆ ಮತ್ತೊಂದು ದೇಶದಲ್ಲಿ ಬೆಳೆದು, ಶತಮಾನಗಳ ತರುವಾಯ ಮೂರನೆಯದೊಂದು ದೇಶದಲ್ಲಿ ಉತ್ತರ ಪಡೆಯಬಹುದು. ಉತ್ತರವನ್ನೇ ಕಾಣದೆ ನಿಂತಿರಲೂಬಹುದು. ಅಂಥದೊಂದು ಪ್ರಶ್ನೆಯ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಕನ್ನಡ ಪಂಡಿತರಿಗೆ ಗಣಿತದ ಗೊಡವೆ ಏಕೆಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಈ ಕಥೆಯ ಇಬ್ಬರು ಮಹನೀಯರು ನಾವು ಬಾಳುತ್ತಿರುವ ತಮಿಳುನಾಡಿನವರು. ಅವರಲ್ಲೊಬ್ಬರು ಹುಟ್ಟಿದ್ದು ನಮ್ಮ ತಾಳವಾಡಿ ಸೇರಿರುವ ಜಿಲ್ಲೆಯ ಮುಖ್ಯ ಪಟ್ಟಣವಾದ ಈರೋಡಿನಲ್ಲಿ. ಎರಡನೆಯದಾಗಿ, ಕನ್ನಡ ಕಾವ್ಯಕ್ಕೆ ಸಾಕು, ಶಾಸ್ತ್ರಕ್ಕೆ ಸಾಲದು ಎಂಬ ಮಾತು ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲಕ್ಕೆ ನಮ್ಮ ನಮ್ಮ ಮನೆಗಳಲ್ಲಿಯೇ ಕೇಳಿಬರುತ್ತಿದೆ. ಅದನ್ನು ವಾದದಿಂದ ಗೆಲ್ಲುವುದಕ್ಕಿಂತ ಶಾಸ್ತ್ರವನ್ನೇ ಕನ್ನಡದಲ್ಲಿ ಹೇಳಿ ತೋರಿಸುವುದು ಮೇಲು.

ಒಂದು ಸಂಖ್ಯೆಯನ್ನು ಅದರಿಂದಲೇ ಎರಡು ಬಾರಿ ಇಟ್ಟು ಗುಣಿಸಿದರೆ ವರ್ಗ, ಮೂರು ಬಾರಿ ಇಟ್ಟು ಗುಣಿಸಿದರೆ ಘನ. ಹೀಗೆ ಮುಂದಿನ ಘಾತಗಳು. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರೆ 1, 4, 8, 9, 16, 25, 27, 32, 36, 49, 64, 81, 100 ಎಂದು ಸಾಲು ಬೆಳೆಯುತ್ತದೆ. ಇವುಗಳನ್ನು ಘಾತಸಂಖ್ಯೆಗಳೆನ್ನೋಣ. ಇವುಗಳಲ್ಲಿ 8 ಮತ್ತು 9 ಮಾತ್ರ ಒಂದರ ಪಕ್ಕದಲ್ಲೊಂದು ಅಂಟಿ ನಿಂತಿವೆ. ಮುಂದೆ ಎಲ್ಲಿಯಾದರೂ ಇಂಥ ಮತ್ತೊಂದು ಜೊತೆಯುಂಟೆ? ಪ್ರಶ್ನೆಯ ಬೀಜ ಇಷ್ಟೆ.

ಇದರ ಮೊದಲ ಮೊಳಕೆ ಕಾಣುವುದು ಸಂಗೀತದಲ್ಲಿ. ಷಡ್ಜಕ್ಕೂ ತಾರಷಡ್ಜಕ್ಕೂ 1:2, ಷಡ್ಜ ಪಂಚಮಗಳಿಗೆ 2:3, ಷಡ್ಜ ಮಧ್ಯಮಗಳಿಗೆ 3:4, ಮಧ್ಯಮ ಪಂಚಮಗಳಿಗೆ 8:9 ಎಂಬ ಪ್ರಮಾಣವುಂಟು. ಇಲ್ಲಿ ಬರುವ ಸಂಖ್ಯೆಗಳೆಲ್ಲ 2ರ ಅಥವಾ 3ರ ಘಾತಗಳು. ಪ್ರತಿ ಜೊತೆಯ ಅಂತರವೂ ಒಂದೇ. ಇಂಥ ಜೊತೆಗಳು ಬೇರೆ ಇವೆಯೇ ಎಂದು ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಫಿಲಿಪ್ ದ ವಿತ್ರಿ ಕೇಳಿದನು. ಯೆಹೂದಿ ವಿದ್ವಾಂಸ ಲೇವಿ ಬೆನ್ ಗೆರ್ಸನ್ 1343ರಲ್ಲಿ, ಈ ನಾಲ್ಕನ್ನು ಬಿಟ್ಟು ಬೇರೆ ಇಲ್ಲವೆಂದು ಸಾಧಿಸಿದನು. ನಾಲ್ಕು ಶತಮಾನಗಳ ತರುವಾಯ, 1738ರಲ್ಲಿ, ಮಹಾಗಣಿತಜ್ಞ ಆಯ್ಲರನು ಒಂದು ವರ್ಗ, ಒಂದು ಘನ ಅಕ್ಕಪಕ್ಕ ಬರುವುದು 8, 9ರಲ್ಲಿ ಮಾತ್ರವೆಂದು ತೋರಿಸಿದನು. 1844ರಲ್ಲಿ ಕ್ಯಾಟಲಾನ್ ಎಂಬುವನು ಧೈರ್ಯದಿಂದ ಇನ್ನೊಂದು ಹೆಜ್ಜೆ ಮುಂದಿಟ್ಟು, ಯಾವ ಘಾತಗಳನ್ನು ತೆಗೆದುಕೊಂಡರೂ 8, 9ರ ಹೊರತು ಅಂಥ ಜೊತೆ ಇಲ್ಲವೆಂದು ಸಾರಿದನು. ಆದರೆ ಅದಕ್ಕೆ ಉಪಪತ್ತಿಯನ್ನು ಕೊಡಲಾರದೆ ಹೋದನು.

ಉಪಪತ್ತಿಯೆಂದರೇನೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕೋಟಿ ಸಂಖ್ಯೆಗಳವರೆಗೆ ಹುಡುಕಿ ಕಾಣಲಿಲ್ಲವೆಂದರೆ ಅದು ನಂಬಿಕೆಗೆ ಆಧಾರ, ನಿಶ್ಚಯಕ್ಕಲ್ಲ. ಸಂಖ್ಯೆಗಳಿಗೆ ಕೊನೆಯಿಲ್ಲ, ಹುಡುಕಿದ ಭಾಗ ಎಷ್ಟು ದೊಡ್ಡದಾದರೂ ಹುಡುಕದೆ ಉಳಿದುದು ಅನಂತ. ಆದ್ದರಿಂದ ಎಲ್ಲ ಸಂಖ್ಯೆಗಳಿಗೂ ಒಮ್ಮೆಗೇ ಅನ್ವಯಿಸುವ ತರ್ಕ ಬೇಕು. ಅದು ದೊರೆಯುವವರೆಗೂ ಎಂಥ ಹಿರಿಯನ ಮಾತೂ ಊಹೆಯೇ.

ಈಗ ನಮ್ಮ ನಾಡಿಗೆ ಬರೋಣ. 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದ ಶ್ರೀನಿವಾಸ ರಾಮಾನುಜನ್ ಅವರು, ಕೇಂಬ್ರಿಜ್‌ಗೆ ತೆರಳುವ ಹಿಂದಿನ ವರ್ಷ, ಅಂದರೆ 1913ರಲ್ಲಿ, ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನಿಟ್ಟರು. 2ರ ಘಾತಗಳಾದ 8, 16, 32, 128, 32768 ಇವುಗಳಿಂದ 7ನ್ನು ಕಳೆದರೆ ಕ್ರಮವಾಗಿ 1, 9, 25, 121, 32761 ಉಳಿಯುತ್ತವೆ, ಎಲ್ಲವೂ ವರ್ಗಗಳು. ಕೊನೆಯದು 181ರ ವರ್ಗ. 2ರ ಬೇರೆ ಯಾವ ಘಾತಕ್ಕಾದರೂ ಈ ಗುಣವುಂಟೆ? ಎಂಟನೆಯ ತರಗತಿಯ ಬಾಲಕನಿಗೂ ಅರ್ಥವಾಗುವ ಪ್ರಶ್ನೆ. ಬೇರೆ ಇಲ್ಲವೆಂಬ ಉಪಪತ್ತಿಯನ್ನು ನಾರ್ವೆಯ ನಾಗೆಲ್ ಅವರು ಕೊಟ್ಟದ್ದು 1948ರಲ್ಲಿ. ಅಷ್ಟರಲ್ಲಿ ರಾಮಾನುಜನ್ ಕಾಲವಾಗಿ 28 ವರ್ಷಗಳು ಕಳೆದಿದ್ದವು.

ರಾಮಾನುಜನ್ನರ ಹೆಸರನ್ನು ಅರಿಯದವರಿಲ್ಲ; ಶಿವಶಂಕರನಾರಾಯಣ ಪಿಳ್ಳೆಯವರ ಹೆಸರನ್ನು ಅರಿತವರು ವಿರಳ. ಇವರು 1901ರ ಏಪ್ರಿಲ್ 5ರಂದು ಕುಟ್ರಾಲಂ ಸಮೀಪದ ವಲ್ಲಂ ಗ್ರಾಮದಲ್ಲಿ ಹುಟ್ಟಿದರು. ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ 1929ರಿಂದ 1941ರವರೆಗೆ ಅಧ್ಯಾಪಕರಾಗಿದ್ದು, ಅಲ್ಲಿಯೇ ತಮ್ಮ ಶ್ರೇಷ್ಠ ಕಾರ್ಯವನ್ನು ಮಾಡಿದರು. ಯಾವ ಸಂಖ್ಯೆಯನ್ನಾದರೂ ಹೆಚ್ಚೆಂದರೆ 73 ಆರನೆಯ ಘಾತಗಳ ಮೊತ್ತವಾಗಿ ಬರೆಯಬಹುದೆಂಬ ಅವರ 1940ರ ಸಿದ್ಧಿ ಜಗತ್ಪ್ರಸಿದ್ಧ. 703 ಎಂಬ ಸಂಖ್ಯೆಗೆ 73ಕ್ಕಿಂತ ಕಡಮೆ ಸಾಲದು: ಅದರಲ್ಲಿ 64 ಹತ್ತು ಬಾರಿ, 1 ಅರವತ್ತಮೂರು ಬಾರಿ ಬರಲೇಬೇಕು, ಏಕೆಂದರೆ ಮುಂದಿನ ಆರನೆಯ ಘಾತ 729.

ಪಿಳ್ಳೆಯವರು ಘಾತಸಂಖ್ಯೆಗಳ ಅಂತರವನ್ನು ವಿಶಾಲವಾದ ದೃಷ್ಟಿಯಿಂದ ನೋಡಿದರು. ಅಂತರ 1 ಮಾತ್ರವೇಕೆ? 2, 3, 4 ಎಂದು ಯಾವ ಅಂತರವನ್ನಾದರೂ ನಿಗದಿ ಮಾಡಿಕೊಳ್ಳಿ. ಆ ಅಂತರವಿರುವ ಜೊತೆಗಳು ಬೆರಳೆಣಿಕೆಗೆ ಸಿಕ್ಕುವಷ್ಟೋ ಅಥವಾ ಕೊನೆಯಿಲ್ಲದಷ್ಟೋ? ಸಾಲು ಬೆಳೆದಂತೆಲ್ಲ ಅಂತರಗಳು ಹಿಗ್ಗುವುವು, ಯಾವ ನಿಗದಿತ ಅಂತರವೂ ಒಂದು ಎಲ್ಲೆಯಿಂದಾಚೆ ಮರಳಿ ಕಾಣದು ಎಂಬುದು ಅವರ ಊಹೆ. ಇದಕ್ಕೆ ಪಿಳ್ಳೆ ಊಹೆಯೆಂದೇ ಹೆಸರು. 2ರ ಘಾತದಿಂದ 3ರ ಘಾತವನ್ನು ಕಳೆಯುವಾಗ 5 ಎರಡು ಬಗೆಯಲ್ಲಿ ಬರುತ್ತದೆ: 8ರಲ್ಲಿ 3, 32ರಲ್ಲಿ 27. 13 ಕೂಡ ಎರಡು ಬಗೆಯಲ್ಲಿ: 16ರಲ್ಲಿ 3, 256ರಲ್ಲಿ 243. 13ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯೂ ಹೀಗೆ ಎರಡು ಬಗೆಯಲ್ಲಿ ಬಾರದೆಂದೂ ಪಿಳ್ಳೆಯವರು ಊಹಿಸಿದ್ದರು. ಈ ಊಹೆ 1982ರಲ್ಲಿ ಸ್ಟ್ರೋಕರ್ ಮತ್ತು ಟೈಡೆಮನ್ ಎಂಬ ಹಾಲೆಂಡಿನ ವಿದ್ವಾಂಸರಿಂದ ಸಿದ್ಧವಾಯಿತು.

ಅದನ್ನು ಕಾಣಲು ಪಿಳ್ಳೆಯವರು ಉಳಿದಿರಲಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ಸಂಸ್ಥೆಯ ಆಹ್ವಾನವನ್ನು ಪಡೆದು, ಹಾರ್ವರ್ಡ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನಕ್ಕೂ ಹೋಗಬೇಕೆಂದು ಹೊರಟವರು, 1950ರ ಆಗಸ್ಟ್ 31ರಂದು ಕೈರೋ ಸಮೀಪದಲ್ಲಿ ಸಂಭವಿಸಿದ ವಿಮಾನದ ದುರಂತದಲ್ಲಿ ಮಡಿದರು. ಆಗ ಅವರಿಗೆ 49 ವರ್ಷ.

ಕ್ಯಾಟಲಾನನ ಊಹೆಯಾದರೋ ಕೊನೆಗೆ ದಡ ಮುಟ್ಟಿತು. 1976ರಲ್ಲಿ ಟೈಡೆಮನ್ ಅವರು ಅಂತರ 1 ಇರುವ ಜೊತೆಗಳು ಪರಿಮಿತವೆಂದು ಸಾಧಿಸಿದರು. ಆದರೆ ಆ ಎಲ್ಲೆ ಎಷ್ಟು ದೂರವಿತ್ತೆಂದರೆ ಯಾವ ಗಣಕಯಂತ್ರವೂ ಅಲ್ಲಿಯವರೆಗೆ ಎಣಿಸಲಾರದು. 2002ರಲ್ಲಿ ರುಮೇನಿಯದಲ್ಲಿ ಹುಟ್ಟಿದ ಮಿಹೈಲೆಸ್ಕು ಅವರು ಪೂರ್ಣ ಉಪಪತ್ತಿಯನ್ನು ಕೊಟ್ಟರು. ಪ್ರಶ್ನೆ ಹುಟ್ಟಿ ಆಗ 158 ವರ್ಷಗಳಾಗಿದ್ದವು.

ಹೀಗೆ ಅಂತರ 1ರ ಮಾತು ಮುಗಿಯಿತು. ಅಂತರ 2ರದು ಮುಗಿದಿಲ್ಲ. 25 ಮತ್ತು 27ರ ಹೊರತು ಬೇರೆ ಜೊತೆ ಯಾರಿಗೂ ಕಂಡಿಲ್ಲ, ಇಲ್ಲವೆಂಬ ಉಪಪತ್ತಿಯೂ ದೊರೆತಿಲ್ಲ. ಅಂತರ 6ರ ಗತಿ ಇನ್ನೂ ವಿಚಿತ್ರ. 6 ಅಂತರವಿರುವ ಒಂದು ಜೊತೆಯೂ ಇದುವರೆಗೆ ಸಿಕ್ಕಿಲ್ಲ. ಒಂದೂ ಇಲ್ಲವೆಂದು ಸಾಧಿಸಿದವರೂ ಇಲ್ಲ. ಒಂದನ್ನು ಬಿಟ್ಟು ಉಳಿದ ಯಾವ ಅಂತರಕ್ಕೂ ಪಿಳ್ಳೆಯವರ ಊಹೆ ಇಂದಿಗೂ ಊಹೆಯಾಗಿಯೇ ನಿಂತಿದೆ.

ಇಷ್ಟನ್ನೂ ಕನ್ನಡದಲ್ಲಿ ಹೇಳಲು ನಮಗೆ ಮಾತು ಸಾಲದೆ ಹೋಗಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಇದು ನಮ್ಮ ಹಿರಿಮೆಯಲ್ಲ. ದಾರಿಯನ್ನು ಹಿರಿಯರೇ ಸವೆಸಿಟ್ಟಿದ್ದಾರೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ವರ್ಗ, ಘನ, ಮೂಲ ಎಂಬ ಮಾತುಗಳು ಇಂದು ನಿನ್ನೆ ಅಳವಡಿಸಿಕೊಂಡವಲ್ಲ. ಎಂಟು ಶತಮಾನಗಳ ಹಿಂದೆ ಲೆಕ್ಕವನ್ನು ಹೊತ್ತ ನುಡಿ ಇಂದು ಅದನ್ನು ಹೊರಲಾರದೆಂದರೆ, ಕುಂದು ನುಡಿಯದಲ್ಲ, ಅದನ್ನು ಆ ಕೆಲಸಕ್ಕೆ ಹಚ್ಚದ ನಮ್ಮದು.

ಗಡಿಯಲ್ಲಿ ಬಾಳುವ ನಮಗೆ ನೆರೆಯ ನುಡಿಯೂ ಬೇಕು, ಇಂಗ್ಲಿಷೂ ಬೇಕು, ಇದರಲ್ಲಿ ವಿವಾದವಿಲ್ಲ. ತಮಿಳು ನೆಲದ ಪಿಳ್ಳೆಯವರ ಪ್ರಶ್ನೆಯನ್ನು ಕನ್ನಡದ ಮಗು ತನ್ನದೆಂದು ಎತ್ತಿಕೊಂಡರೆ ಎರಡು ನುಡಿಗಳಿಗೂ ಗೌರವ. ಆದರೆ ಮೊದಲ ಕುತೂಹಲ ಕೆರಳುವುದು ಮನೆಯ ಮಾತಿನಲ್ಲಿ. ತಂದೆತಾಯಿಗಳು ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಘಾತಸಂಖ್ಯೆಗಳ ಸಾಲನ್ನು ಸಾವಿರದವರೆಗೆ ಬರೆಯಿಸಲಿ, 6ರ ಅಂತರವನ್ನು ಹುಡುಕಿಸಲಿ. ಅದು ಸಿಕ್ಕದು. ಏಕೆ ಸಿಕ್ಕದೆಂದು ಮಗು ಕೇಳಿದಾಗ, ಅದನ್ನು ಬಲ್ಲವರು ಲೋಕದಲ್ಲಿ ಇನ್ನೂ ಯಾರೂ ಇಲ್ಲವೆಂಬ ಸತ್ಯವನ್ನು ಕನ್ನಡದಲ್ಲಿಯೇ ತಿಳಿಸಲಿ.